ಆರನೇ ಟ್ಯಾಕಲ್ ಯಾವುದು ಅಂತ ಯಾರು ಹೇಳಬೇಕು?

ಇವತ್ತಿನ ಎಪಿಸೋಡ್ ನಮ್ಮಲ್ಲಿ ಹೆಚ್ಚು ಜನ ನೋಡದ ಒಂದು ಆಟದ ಬಗ್ಗೆ. ಆಟ ಗೊತ್ತಿಲ್ಲದಿದ್ದರೂ ತೊಂದರೆ ಇಲ್ಲ. ಒಂದರಿಂದ ಆರರವರೆಗೆ ಎಣಿಸೋಕೆ ಬಂದ್ರೆ ಸಾಕು.

2019ರ ಅಕ್ಟೋಬರ್ 6, ಭಾನುವಾರ ರಾತ್ರಿ, ಸಿಡ್ನಿ. ಆಸ್ಟ್ರೇಲಿಯಾದ ರಗ್ಬಿ ಲೀಗ್ ಗ್ರ್ಯಾಂಡ್ ಫೈನಲ್. ಸಿಡ್ನಿ ರೂಸ್ಟರ್ಸ್ ವಿರುದ್ಧ ಕ್ಯಾನ್‌ಬೆರಾ ರೈಡರ್ಸ್. ಸ್ಟೇಡಿಯಂನಲ್ಲಿ 80 ಸಾವಿರಕ್ಕೂ ಹೆಚ್ಚು ಜನ. ಸ್ಕೋರ್ 8-8. 80 ನಿಮಿಷದ ಆಟದಲ್ಲಿ ಉಳಿದಿರೋದು ಎಂಟು ನಿಮಿಷದ ಆಸುಪಾಸು. ಕ್ಯಾನ್‌ಬೆರಾದವರು ಎದುರಾಳಿಯ ಗೆರೆ ಹತ್ತಿರ ಚೆಂಡನ್ನ ಮೇಲಕ್ಕೆ ಒದ್ದರು. ಚೆಂಡು ಯಾರ್ಯಾರದೋ ಕೈಗೆ ತಾಗಿ ಮತ್ತೆ ಕ್ಯಾನ್‌ಬೆರಾದವರಿಗೇ ಸಿಕ್ಕಿತು. ರೆಫರಿ ಬೆನ್ ಕಮ್ಮಿನ್ಸ್ ಕೈ ಮೇಲೆತ್ತಿ ಬೀಸಿದರು. ರಗ್ಬಿ ಲೀಗ್‌ನಲ್ಲಿ ಆ ಸನ್ನೆಗೆ ಇರೋದು ಒಂದೇ ಅರ್ಥ: ಲೆಕ್ಕ ಮತ್ತೆ ಮೊದಲಿಂದ, ನಿಮಗೆ ಇನ್ನೂ ಆರು ಟ್ಯಾಕಲ್ ಇದೆ.

ಕ್ಯಾನ್‌ಬೆರಾದ ಜ್ಯಾಕ್ ವೈಟನ್ ಅದನ್ನ ನಂಬಿದರು. ಆರು ಇದೆಯಲ್ಲ, ಗಡಿಬಿಡಿ ಯಾಕೆ ಅಂತ ಚೆಂಡು ಹಿಡಿದುಕೊಂಡೇ ನುಗ್ಗಿದರು. ಎದುರಾಳಿಗಳು ಕೆಡವಿದರು. ಅಷ್ಟು ಹೊತ್ತಿಗೆ ರೆಫರಿ ತಮ್ಮ ತೀರ್ಪನ್ನ ಬದಲಾಯಿಸಿ ಆಗಿತ್ತು. ಆರು ಇಲ್ಲ, ಇದೇ ಕೊನೆಯದು. ಚೆಂಡು ರೂಸ್ಟರ್ಸ್‌ಗೆ. ಅದೇ ಸರದಿಯಲ್ಲಿ ರೂಸ್ಟರ್ಸ್‌ನ ಜೇಮ್ಸ್ ಟೆಡೆಸ್ಕೊ ಟ್ರೈ ಹೊಡೆದರು. ಪಂದ್ಯ 14-8ಕ್ಕೆ ಮುಗೀತು. ಕ್ಯಾನ್‌ಬೆರಾ ಗ್ರ್ಯಾಂಡ್ ಫೈನಲ್‌ಗೆ ಬಂದಿದ್ದೇ 25 ವರ್ಷದ ನಂತರ.

ಸರಿ, ಈ ಆರು ಅನ್ನೋ ಸಂಖ್ಯೆ ಬಂದಿದ್ದು ಎಲ್ಲಿಂದ? ಅದನ್ನ ಎಣಿಸೋ ಕೆಲಸ ಒಬ್ಬ ಮನುಷ್ಯನ ಕೈಗೆ ಬಂದಿದ್ದು ಹೇಗೆ? ಇವತ್ತು ಅದನ್ನೇ ನೋಡೋಣ.

ಮೊದಲು ಒಂದು ಗೊಂದಲ ಬಗೆಹರಿಸಿಬಿಡ್ತೀನಿ. ರಗ್ಬಿಯಲ್ಲಿ ಎರಡು ಜಾತಿ: ಯೂನಿಯನ್ ಮತ್ತು ಲೀಗ್. ವರ್ಲ್ಡ್ ಕಪ್‌ನಲ್ಲಿ ಆಲ್ ಬ್ಲ್ಯಾಕ್ಸ್ ಆಡೋದು ಯೂನಿಯನ್. 2025ರಲ್ಲಿ ನಮ್ಮಲ್ಲಿ ಶುರುವಾದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ್ದೂ ಯೂನಿಯನ್‌ನ ಏಳು ಜನರ ಆಟವೇ, ಹೆಸರಲ್ಲಿ ಲೀಗ್ ಅಂತ ಇದ್ದರೂ. ಇವತ್ತು ನಾವು ಮಾತಾಡ್ತಿರೋದು ರಗ್ಬಿ ಲೀಗ್, 13 ಜನರ ಆಟ. ಇಂಗ್ಲೆಂಡಿನ ಉತ್ತರ ಭಾಗ, ಸಿಡ್ನಿ, ಬ್ರಿಸ್ಬೇನ್, ಪಪುವಾ ನ್ಯೂಗಿನಿ ಕಡೆ ಜನ ಇದಕ್ಕೆ ಪ್ರಾಣ ಬಿಡ್ತಾರೆ.

ಇದು ಹುಟ್ಟಿದ್ದೇ ಸಂಬಳದ ಜಗಳದಲ್ಲಿ. 1890ರ ದಶಕದಲ್ಲಿ ಯಾರ್ಕ್‌ಷೈರ್, ಲ್ಯಾಂಕಾಷೈರ್ ಕಡೆ ರಗ್ಬಿ ಆಡ್ತಿದ್ದವರು ಗಣಿ ಕಾರ್ಮಿಕರು, ಗಿರಣಿ ಕಾರ್ಮಿಕರು. ಶನಿವಾರ ಮ್ಯಾಚ್ ಇದ್ರೆ ಆ ದಿನದ ಕೂಲಿ ಹೋಯ್ತು. ಕಳೆದುಹೋದ ಕೂಲಿಯನ್ನಾದ್ರೂ ಕೊಡಿ ಅಂತ ಉತ್ತರದ ಕ್ಲಬ್‌ಗಳು ಕೇಳಿದವು. ಲಂಡನ್ನಿನ ರಗ್ಬಿ ಯೂನಿಯನ್‌ನ ಯಜಮಾನರು, ಇದು ಹವ್ಯಾಸಿ ಆಟ, ದುಡ್ಡಿನ ಮಾತು ಬೇಡ ಅಂದರು. 1893ರಲ್ಲಿ ವೋಟಿಗೆ ಹಾಕಿದಾಗ 282 ವಿರುದ್ಧ, 136 ಪರ. 1895ರ ಆಗಸ್ಟ್ 29ರಂದು ಹಡ್ಡರ್ಸ್‌ಫೀಲ್ಡ್ ಊರಿನ ಜಾರ್ಜ್ ಹೋಟೆಲ್‌ನಲ್ಲಿ ಉತ್ತರದ ಕ್ಲಬ್‌ಗಳು ಸಭೆ ಸೇರಿ ಬೇರೆಯಾಗಿಬಿಟ್ಟವು. ಆಟಗಾರರಿಗೆ ಒಂದು ದಿನಕ್ಕೆ ಆರು ಶಿಲ್ಲಿಂಗ್ ಕೊಡಬಹುದು ಅಂತ ತೀರ್ಮಾನ ಆಯ್ತು. ಆರು ಅನ್ನೋ ಸಂಖ್ಯೆ ಈ ಆಟಕ್ಕೆ ಅಂಟಿಕೊಂಡಿದ್ದು ಆಗಲೇ ಅಂತ ತಮಾಷೆಗೆ ಬೇಕಾದ್ರೆ ಹೇಳಬಹುದು.

ನಾನು ಬಿಕಾಂ ಓದಿದವನು, ಹಾಗಾಗಿ ಇಲ್ಲಿಂದ ಮುಂದಿನದ್ದು ನನಗೆ ವ್ಯಾಪಾರದ ಕಥೆ ಥರಾನೇ ಕಾಣುತ್ತೆ. ಆಟಗಾರರಿಗೆ ದುಡ್ಡು ಕೊಡಬೇಕು ಅಂದ್ರೆ ಗೇಟಿನಲ್ಲಿ ಟಿಕೆಟ್ ಮಾರಾಟ ಆಗಬೇಕು. ಜನ ಬರಬೇಕು ಅಂದ್ರೆ ಆಟ ಚುರುಕಾಗಿರಬೇಕು. ಹಳೇ ರಗ್ಬಿಯಲ್ಲಿ ಒಬ್ಬ ಬಿದ್ದ ತಕ್ಷಣ ಹತ್ತಾರು ಜನ ಅವನ ಮೇಲೆ ಗುಡ್ಡೆ ಬೀಳ್ತಿದ್ದರು. ಚೆಂಡು ಎಲ್ಲಿದೆ ಅಂತ ನೋಡೋರಿಗೂ ಗೊತ್ತಾಗ್ತಿರಲಿಲ್ಲ, ಆಡೋರಿಗೂ ಗೊತ್ತಾಗ್ತಿರಲಿಲ್ಲ. 1906ರಲ್ಲಿ ಉತ್ತರದವರು ಎರಡು ದೊಡ್ಡ ಬದಲಾವಣೆ ಮಾಡಿದರು. ಒಂದು, 15 ಆಟಗಾರರ ಬದಲು 13. ಎರಡನೆಯದು ಇನ್ನೂ ಮುಖ್ಯ. ಟ್ಯಾಕಲ್ ಆದವನನ್ನ ಬಿಟ್ಟುಬಿಡಬೇಕು, ಅವನು ಎದ್ದು ನಿಂತು ಚೆಂಡನ್ನ ನೆಲಕ್ಕಿಟ್ಟು ಕಾಲಿನಿಂದ ಹಿಂದಕ್ಕೆ ತಳ್ಳಬೇಕು, ಹಿಂದಿದ್ದವನು ಎತ್ತಿಕೊಂಡು ಆಟ ಮುಂದುವರಿಸಬೇಕು. ಇದಕ್ಕೆ 'ಪ್ಲೇ ದ ಬಾಲ್' ಅಂತಾರೆ.

ಮರುವರ್ಷ ಈ ಆಟ ಆಸ್ಟ್ರೇಲಿಯಾಕ್ಕೂ ಹೋಯ್ತು. ಅಲ್ಲೂ ಜಗಳ ಅದೇ, ಪೆಟ್ಟು ಬಿದ್ದು ಕೆಲಸ ತಪ್ಪಿಸಿಕೊಂಡ ಆಟಗಾರನಿಗೆ ಪರಿಹಾರ ಇಲ್ಲ. 1907ರಲ್ಲಿ ಸಿಡ್ನಿಯಲ್ಲಿ ಲೀಗ್ ಸ್ಥಾಪನೆ ಆದಾಗ ಅದರ ಮೊದಲ ಖಜಾಂಚಿ ಯಾರು ಗೊತ್ತಾ? ವಿಕ್ಟರ್ ಟ್ರಂಪರ್. ಹೌದು, ಕ್ರಿಕೆಟ್‌ನ ಅದೇ ಟ್ರಂಪರ್.

ಈಗ ಟ್ಯಾಕಲ್ ಅಂದ್ರೆ ಏನು ಅಂತ ಸ್ವಲ್ಪ ನಿಧಾನವಾಗಿ ನೋಡೋಣ, ಇಡೀ ಕಥೆ ನಿಂತಿರೋದು ಇದರ ಮೇಲೆ. ಪ್ರೊ ಕಬಡ್ಡಿ ನೋಡಿದವರಿಗೆ ಟ್ಯಾಕಲ್ ಪದ ಹೊಸದಲ್ಲ. ಅಲ್ಲಿ ರೈಡರ್‌ನನ್ನ ಹಿಡಿದ್ರೆ ಅವನು ಔಟ್, ಕಥೆ ಮುಗೀತು. ರಗ್ಬಿ ಲೀಗ್‌ನಲ್ಲಿ ಟ್ಯಾಕಲ್ ಆದವನು ಔಟ್ ಆಗಲ್ಲ, ಆಟ ಒಂದು ಕ್ಷಣ ನಿಲ್ಲುತ್ತೆ ಅಷ್ಟೇ. ಟ್ಯಾಕಲ್ ಪೂರ್ತಿ ಆಯ್ತು ಅಂತ ಲೆಕ್ಕ ಯಾವಾಗ? ಎದುರಾಳಿ ಹಿಡಿದಿರುವಾಗ ಚೆಂಡಾಗಲಿ, ಚೆಂಡು ಹಿಡಿದ ಕೈಯಾಗಲಿ ನೆಲಕ್ಕೆ ತಾಗಿದಾಗ. ಅಥವಾ ನಿಂತೇ ಇದ್ದಾನೆ, ಆದ್ರೆ ಮುಂದಕ್ಕೆ ಹೋಗೋಕೂ ಆಗ್ತಿಲ್ಲ, ಪಾಸ್ ಮಾಡೋಕೂ ಆಗ್ತಿಲ್ಲ ಅಂದಾಗ. ಈ ಎರಡನೇದಿದೆಯಲ್ಲ, ಅದನ್ನ ಹೇಳೋರು ಯಾರು? ರೆಫರಿ. 'ಹೆಲ್ಡ್' ಅಂತ ಕೂಗ್ತಾರೆ. ಕೂಗುವವರೆಗೂ ಅದು ಟ್ಯಾಕಲ್ ಅಲ್ಲ. ಕೂಗಿದ ಮೇಲೆ, ಹಿಡಿತದಿಂದ ತಪ್ಪಿಸಿಕೊಂಡು ಓಡಿದ್ರೂ ಲೆಕ್ಕಕ್ಕೆ ಬರಲ್ಲ. ಅಂದ್ರೆ ಟ್ಯಾಕಲ್ ಆಗೋದು ಆಟಗಾರರ ಮೈಯಲ್ಲಿ ಎಷ್ಟೋ, ರೆಫರಿಯ ಬಾಯಲ್ಲೂ ಅಷ್ಟೇ.

1906ರ ರೂಲ್‌ನಲ್ಲಿ ಒಂದು ದೊಡ್ಡ ತೂತಿತ್ತು. ಎಷ್ಟು ಸಲ ಟ್ಯಾಕಲ್ ಆಗಬಹುದು ಅಂತ ಮಿತಿಯೇ ಇರಲಿಲ್ಲ. ಹಿಡಿದ್ರು, ಬಿಟ್ರು, ಎದ್ದ, ಚೆಂಡು ಹಿಂದಕ್ಕೆ ತಳ್ಳಿದ, ಇನ್ನೊಬ್ಬ ಎತ್ತಿಕೊಂಡ, ಮತ್ತೆ ಹಿಡಿದ್ರು. ಹೀಗೇ ಹತ್ತು ಸಲ, ಇಪ್ಪತ್ತು ಸಲ. ಎದುರಾಳಿಗೂ ಕಾಲು ಹಾಕಿ ಚೆಂಡು ಕಸಿಯೋ ಅವಕಾಶ ಇತ್ತು ನಿಜ, ಆದ್ರೆ ಬಹುಪಾಲು ಸಲ ಚೆಂಡು ಇದ್ದವರ ಹತ್ತಿರಾನೇ ಉಳೀತಿತ್ತು. ಚೆಂಡು ಒಮ್ಮೆ ಕೈಗೆ ಬಂದ್ರೆ ಒದೆಯೋದು ದಡ್ಡತನ. ತಪ್ಪು ಮಾಡದೆ ಹಿಡಿದುಕೊಂಡು ಕೂತ್ರೆ ಸಾಕು. ಲೀಡ್ ಇದ್ರಂತೂ ಮುಗೀತು, ಗಡಿಯಾರ ತಾನಾಗೇ ಓಡುತ್ತೆ. ನಮ್ಮ ಭಾಷೆಯಲ್ಲಿ ಹೇಳಬೇಕಂದ್ರೆ ಇದು ಮಾನೊಪೊಲಿ. ಬಂಡವಾಳ ಇದ್ದವನ ಹತ್ತಿರವೇ ಬಂಡವಾಳ ಉಳಿಯುತ್ತೆ, ಇಲ್ಲದವನಿಗೆ ಅಂಗಡಿ ತೆರೆಯೋಕೇ ಅವಕಾಶ ಇಲ್ಲ.

ಈ ಕಾಲದ ದೊಡ್ಡ ಸಾಹುಕಾರ ಅಂದ್ರೆ ಸಿಡ್ನಿಯ ಸೇಂಟ್ ಜಾರ್ಜ್ ತಂಡ. 1956ರಿಂದ 1966ರವರೆಗೆ ಸತತ 11 ವರ್ಷ ಚಾಂಪಿಯನ್. 11 ವರ್ಷ! ರೆಗ್ ಗ್ಯಾಸ್ನಿಯರ್, ಜಾನಿ ರೇಪರ್, ನಾರ್ಮ್ ಪ್ರೋವನ್ ಅಂಥ ಆಟಗಾರರಿದ್ದ ತಂಡ. ಬರೀ ರೂಲ್‌ನಿಂದ ಗೆದ್ರು ಅಂದ್ರೆ ಅವರಿಗೆ ಅನ್ಯಾಯ ಮಾಡಿದಂಗೆ. ಆದ್ರೆ ಬಲವಾದ ತಂಡದ ಕೈಗೆ ಚೆಂಡು ಸಿಕ್ಕಿದ ಮೇಲೆ ವಾಪಸ್ ಕೊಡಲೇಬೇಕು ಅನ್ನೋ ರೂಲ್ ಇಲ್ಲದಿದ್ದಾಗ, ದುರ್ಬಲ ತಂಡ ಏನು ತಾನೇ ಮಾಡುತ್ತೆ?

1963ರ ಗ್ರ್ಯಾಂಡ್ ಫೈನಲ್ ಹತ್ತಿರ ಸ್ವಲ್ಪ ನಿಲ್ಲೋಣ. ಸೇಂಟ್ ಜಾರ್ಜ್ ವಿರುದ್ಧ ವೆಸ್ಟರ್ನ್ ಸಬರ್ಬ್ಸ್. ಮಳೆ ಸುರಿದು ಸಿಡ್ನಿ ಕ್ರಿಕೆಟ್ ಗ್ರೌಂಡ್ ಗದ್ದೆ ಥರ ಆಗಿತ್ತು. ಯಾರು ಯಾವ ತಂಡ ಅಂತ ಜರ್ಸಿ ನೋಡಿ ಹೇಳೋಕಾಗದಷ್ಟು ಕೆಸರು. ಸೇಂಟ್ ಜಾರ್ಜ್‌ನ ಜಾನಿ ಕಿಂಗ್ ಚೆಂಡು ಹಿಡಿದು ಓಡುವಾಗ ಎದುರಾಳಿ ಕೆಡವಿದ. ವೆಸ್ಟರ್ನ್ ಸಬರ್ಬ್ಸ್ ಆಟಗಾರರ ಪ್ರಕಾರ ಟ್ಯಾಕಲ್ ಆಗಿಹೋಗಿತ್ತು, ಕಿಂಗ್ ಎದ್ದು ಚೆಂಡನ್ನ ಹಿಂದಕ್ಕೆ ತಳ್ಳಬೇಕಿತ್ತು. ಅವರು ಅಲ್ಲಿಗೆ ನಿಲ್ಲಿಸಿದರು. ಕಿಂಗ್ ಎದ್ದವನೇ ಓಡಿ ಟ್ರೈ ಹೊಡೆದ. ರೆಫರಿ ಡಾರ್ಸಿ ಲಾಲರ್ ಟ್ರೈ ಕೊಟ್ಟರು. ಫೈನಲ್ ಸ್ಕೋರ್ 8-3. ಆ ಒಂದು ಟ್ರೈ ತೆಗೆದುಬಿಟ್ರೆ ಪಂದ್ಯದ ಕಥೆಯೇ ಬೇರೆ.

ಲಾಲರ್ ಸೇಂಟ್ ಜಾರ್ಜ್ ಮೇಲೆ ಬೆಟ್ ಕಟ್ಟಿದ್ದರು ಅನ್ನೋ ಮಾತನ್ನ ಸೋತ ತಂಡದ ಕೆಲವರು ದಶಕಗಳವರೆಗೆ ಹೇಳ್ತಾನೇ ಬಂದರು. ಅದು ಯಾವತ್ತೂ ಸಾಬೀತಾಗಲಿಲ್ಲ, ಹಾಗಾಗಿ ನಾನು ಅದನ್ನ ಆರೋಪ ಅಂತ ಮಾತ್ರ ಹೇಳ್ತೀನಿ. ನನಗೆ ಆಸಕ್ತಿ ಇರೋದು ಆ ಟ್ಯಾಕಲ್‌ನಲ್ಲಿ. ಅದು ಟ್ಯಾಕಲ್ ಹೌದೋ ಅಲ್ಲವೋ ಅನ್ನೋದು ಕೆಸರಲ್ಲಿ ಬಿದ್ದ ಇಬ್ಬರಿಗೂ ಗೊತ್ತಿರಲಿಕ್ಕಿಲ್ಲ. ಗೊತ್ತಿರಬೇಕಾದ್ದು ರೆಫರಿಗೆ. ರೆಫರಿ ಅಲ್ಲ ಅಂದ್ರೆ ಅಲ್ಲ.

ಅವತ್ತು ಪಂದ್ಯ ಮುಗಿದ ಮೇಲೆ ಒಂದು ಫೋಟೊ ತೆಗೆದರು. ಜಾನ್ ಓಗ್ರೆಡಿ ಅನ್ನೋ ಪತ್ರಿಕಾ ಫೋಟೊಗ್ರಾಫರ್ ತೆಗೆದಿದ್ದು. ಎತ್ತರದ ನಾರ್ಮ್ ಪ್ರೋವನ್, ಗಿಡ್ಡ ಆರ್ಥರ್ ಸಮ್ಮನ್ಸ್, ಎರಡೂ ತಂಡದ ನಾಯಕರು, ಮೈ ತುಂಬಾ ಕೆಸರು, ಒಬ್ಬರನ್ನೊಬ್ಬರು ತಬ್ಬಿಕೊಂಡಿದ್ದಾರೆ. 'ಗ್ಲೇಡಿಯೇಟರ್ಸ್' ಅಂತ ಹೆಸರಾಯ್ತು ಆ ಫೋಟೊ. 1982ರಿಂದ ಚಾಂಪಿಯನ್‌ಗಳು ಎತ್ತೋ ಟ್ರೋಫಿಯ ಮೇಲಿರೋ ಮೂರ್ತಿ ಅದೇ ಫೋಟೊದ್ದು. ಕ್ರೀಡಾ ಮನೋಭಾವಕ್ಕೆ ಇದಕ್ಕಿಂತ ಒಳ್ಳೇ ಚಿತ್ರ ಇಲ್ಲ ಅಂತ ಎಲ್ಲರೂ ಅಂದರು. ಸಮ್ಮನ್ಸ್ ಮಾತ್ರ ಆಮೇಲೆ ಹೇಳಿಕೊಂಡಿದ್ದು ಬೇರೆ. ಆ ಕ್ಷಣದಲ್ಲಿ ತಾವು ಪ್ರೋವನ್ ಹತ್ತಿರ ರೆಫರಿ ಬಗ್ಗೆ ದೂರು ಹೇಳ್ತಿದ್ದೆ ಅಂತ! 2019ರ ಆ ರಾತ್ರಿ ರೂಸ್ಟರ್ಸ್ ಎತ್ತಿದ್ದೂ ಇದೇ ಮೂರ್ತಿ ಇರೋ ಟ್ರೋಫಿಯನ್ನ.

ಮಿತಿ ಇಲ್ಲದ ಟ್ಯಾಕಲ್ ಮುಗಿದಿದ್ದು 1966ರಲ್ಲಿ, ಇಂಗ್ಲೆಂಡಿನಲ್ಲಿ. ಅಲ್ಲಿನ ರಗ್ಬಿ ಲೀಗ್ ಕಾರ್ಯದರ್ಶಿ ಬಿಲ್ ಫಾಲೋಫೀಲ್ಡ್, ಆಟ ಬೋರ್ ಆಗ್ತಿದೆ, ಏನಾದ್ರೂ ಮಾಡಬೇಕು ಅಂತ ಹಿಂದೆ ಬಿದ್ದಿದ್ದರು. ಅವರಿಗೆ ಪ್ರಯೋಗಶಾಲೆ ಥರ ಸಿಕ್ಕಿದ್ದು ಟಿವಿಗೆ ಅಂತಲೇ ಹುಟ್ಟಿದ್ದ ಒಂದು ಟೂರ್ನಿ. ಸಂಜೆ ಹೊತ್ತು ಲೈಟ್ ಕೆಳಗೆ ಆಡಿಸಿ ಬಿಬಿಸಿ 2ರಲ್ಲಿ ತೋರಿಸ್ತಿದ್ದ ಫ್ಲಡ್‌ಲಿಟ್ ಟ್ರೋಫಿ, 1965ರಲ್ಲಿ ಶುರುವಾಗಿದ್ದು. ಆಗ ಆ ಚಾನೆಲ್‌ನ ಮುಖ್ಯಸ್ಥರಾಗಿದ್ದವರು ಡೇವಿಡ್ ಅಟೆನ್‌ಬರೊ. ಗೊರಿಲ್ಲಾ ಮರಿಗಳ ಜೊತೆ ಕೂತು ಪಿಸುಮಾತಲ್ಲಿ ಮಾತಾಡೋ ಅಜ್ಜ ಇದ್ದಾರಲ್ಲ, ಅವರೇ. 1966ರ ಅಕ್ಟೋಬರ್‌ನಲ್ಲಿ ಆ ಟೂರ್ನಿಯಲ್ಲಿ ಹೊಸ ರೂಲ್ ಹಾಕಿ ನೋಡಿದರು: ನಾಲ್ಕು ಟ್ಯಾಕಲ್ ಅಷ್ಟೇ, ಆಮೇಲೆ ಸ್ಕ್ರಮ್. ಜನಕ್ಕೆ ಹಿಡಿಸಿತು, ಬೇಗನೇ ಎಲ್ಲ ಪಂದ್ಯಗಳಿಗೂ ಬಂತು. 1967ಕ್ಕೆ ಆಸ್ಟ್ರೇಲಿಯಾದಲ್ಲೂ ಜಾರಿ. ಅದೇ ವರ್ಷ ಸೇಂಟ್ ಜಾರ್ಜ್‌ನ 11 ವರ್ಷದ ಓಟ ನಿಂತಿತು, ಗ್ರ್ಯಾಂಡ್ ಫೈನಲ್‌ಗೂ ಬರಲಿಲ್ಲ. ನಮ್ಮನ್ನ ಕೆಡವೋಕೇ ಈ ರೂಲ್ ತಂದ್ರು ಅಂತ ಅಭಿಮಾನಿಗಳು ಹೇಳೋದುಂಟು. ರೂಲ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಸಿಡ್ನಿಯ ಒಂದು ತಂಡ ಅವರಿಗೇನು ಲೆಕ್ಕ? ಆದ್ರೂ ಮಾನೊಪೊಲಿಗೆ ಮಿತಿ ಹಾಕಿದಾಗ ಮೊದಲ ಏಟು ಬೀಳೋದು ದೊಡ್ಡ ಅಂಗಡಿಗೇ, ಅದು ಸಹಜ.

ಕಬಡ್ಡಿಯಲ್ಲಿ 'ಡು ಆರ್ ಡೈ' ರೈಡ್ ಯಾಕಿದೆ ನೆನಪಿಸಿಕೊಳ್ಳಿ. ಎರಡು ರೈಡ್ ಖಾಲಿ ಹೋದ್ರೆ ಮೂರನೇದ್ರಲ್ಲಿ ಪಾಯಿಂಟ್ ತರಲೇಬೇಕು, ಇಲ್ಲಾಂದ್ರೆ ಔಟ್. ಸುಮ್ಮನೆ ಗೆರೆ ಮುಟ್ಟಿ ವಾಪಸ್ ಬಂದು ಟೈಮ್ ಪಾಸ್ ಮಾಡೋರಿಗೆ ಹಾಕಿದ ಲಗಾಮು ಅದು. ಯೋಚನೆ ಎರಡೂ ಕಡೆ ಒಂದೇ.

ನಾಲ್ಕು ತುಂಬಾ ಕಮ್ಮಿ ಆಯ್ತು. ಮೈದಾನದ ಆ ಕಡೆ ತಲುಪೋಷ್ಟರಲ್ಲೇ ಸರದಿ ಮುಗಿದುಹೋಗ್ತಿತ್ತು. ತಂಡಗಳು ಟ್ರೈ ಬಿಟ್ಟು ಫೀಲ್ಡ್ ಗೋಲ್‌ಗೆ ಇಳಿದವು. ಓಡ್ತಿರುವಾಗಲೇ ಚೆಂಡನ್ನ ನೆಲಕ್ಕೆ ಪುಟಿಸಿ ಕಂಬಗಳ ನಡುವೆ ಒದೆಯೋದು, ಆಗ ಅದಕ್ಕೆ ಎರಡು ಪಾಯಿಂಟ್. 1970ರ ಸಿಡ್ನಿ ಗ್ರ್ಯಾಂಡ್ ಫೈನಲ್‌ನಲ್ಲಿ ಸೌತ್ ಸಿಡ್ನಿಯ ಎರಿಕ್ ಸಿಮ್ಸ್ ಒಬ್ಬರೇ ನಾಲ್ಕು ಫೀಲ್ಡ್ ಗೋಲ್ ಹೊಡೆದರು. (ಅದೇ ಪಂದ್ಯದಲ್ಲಿ ಸೌತ್ ಸಿಡ್ನಿಯ ನಾಯಕ ಜಾನ್ ಸ್ಯಾಟ್ಲರ್ ದವಡೆಗೆ ಶುರುವಿನಲ್ಲೇ ಎದುರಾಳಿಯೊಬ್ಬ ಗುದ್ದಿ ಮೂಳೆ ಮುರಿದ. ಸ್ಯಾಟ್ಲರ್ ಮುರಿದ ದವಡೆಯಲ್ಲೇ ಕೊನೆವರೆಗೂ ಆಡಿ ಕಪ್ ಗೆದ್ದರು. ಟ್ಯಾಕಲ್ ಎಣಿಸೋಕೆ ರೂಲ್ ಬಂದಿತ್ತು, ಗುದ್ದು ಎಣಿಸೋರು ಇರಲಿಲ್ಲ.) 1971ರಲ್ಲಿ ಆಸ್ಟ್ರೇಲಿಯಾದವರು ಫೀಲ್ಡ್ ಗೋಲ್‌ಗೆ ಒಂದೇ ಪಾಯಿಂಟ್ ಮಾಡಿದರು, ನಾಲ್ಕು ಟ್ಯಾಕಲ್‌ನ್ನ ಆರಕ್ಕೆ ಏರಿಸಿದರು. 1972ರಲ್ಲಿ ಬ್ರಿಟನ್ ಕೂಡ ಆರಕ್ಕೆ ಬಂತು. ಅಲ್ಲಿಂದ ಇವತ್ತಿನವರೆಗೂ ಆರೇ. 1983ರಲ್ಲಿ ಸ್ಕ್ರಮ್ ಬದಲು ಆರನೇ ಟ್ಯಾಕಲ್ ಆದ ತಕ್ಷಣ ಚೆಂಡನ್ನ ಎದುರಾಳಿಗೆ ಒಪ್ಪಿಸಬೇಕು ಅಂತ ಆಯ್ತು.

ಆಟ ಚೆನ್ನಾಗಾಯ್ತು, ಅದರಲ್ಲಿ ಅನುಮಾನ ಇಲ್ಲ. ಆದ್ರೆ ರೆಫರಿಯ ಕೆಲಸ ಬದಲಾಗಿಹೋಯ್ತು. ಮುಂಚೆ ಅವರು ನ್ಯಾಯಾಧೀಶರು ಮಾತ್ರ. ಈಗ ಗುಮಾಸ್ತರೂ ಹೌದು. ಎಣಿಸಬೇಕು.

ಆರರವರೆಗೆ ಎಣಿಸೋದು ಏನು ಮಹಾ ಅನ್ಸುತ್ತೆ. ಕ್ರಿಕೆಟ್ ಅಂಪೈರ್‌ಗಳೂ ಆರೇ ಎಣಿಸೋದು, ಅವರೂ ಆಗಾಗ ಐದಕ್ಕೋ ಏಳಕ್ಕೋ ಓವರ್ ಮುಗಿಸ್ತಾರೆ. ಕ್ರಿಕೆಟ್ ಅದಕ್ಕೆ ಒಂದು ಜಾಣ ರೂಲ್ ಇಟ್ಟುಕೊಂಡಿದೆ: ಅಂಪೈರ್ ತಪ್ಪಾಗಿ ಎಣಿಸಿದ್ರೂ ಅವರು ಎಣಿಸಿದ ಓವರೇ ಓವರ್. ಕ್ರಿಕೆಟ್‌ನಲ್ಲಿ ಎರಡು ಎಸೆತದ ನಡುವೆ ಬಿಡುವಾದ್ರೂ ಇದೆ, ಜೇಬಲ್ಲಿ ಕೌಂಟರ್ ಇದೆ. ರಗ್ಬಿ ಲೀಗ್ ರೆಫರಿ ಒಂದು ಪಂದ್ಯದಲ್ಲಿ ನೂರಾರು ಟ್ಯಾಕಲ್ ನೋಡ್ತಾರೆ, ಓಡ್ತಾ ಓಡ್ತಾ. ಅದೂ ನೇರ ಎಣಿಕೆ ಅಲ್ಲ. ಪೆನಾಲ್ಟಿ ಆದ್ರೆ ಹೊಸ ಎಣಿಕೆ. ಕೆಲವು ಸಂದರ್ಭದಲ್ಲಿ ಮೊದಲ ಟ್ಯಾಕಲ್ ಲೆಕ್ಕಕ್ಕೇ ಇಲ್ಲ, ಅದು 'ಝೀರೋ'. ಎದುರಾಳಿ ಬೇಕಂತಲೇ ಚೆಂಡಿಗೆ ಕೈ ಹಾಕಿ, ಅದು ಮತ್ತೆ ಇವರಿಗೇ ಸಿಕ್ರೆ ಹೊಸ ಎಣಿಕೆ. ಆದ್ರೆ ತಮ್ಮವನೇ ಮುಟ್ಟಿದ್ರೆ ಹಳೇ ಎಣಿಕೆಯೇ ಮುಂದುವರಿಯುತ್ತೆ. ಈ ಕೊನೇದನ್ನ ನೆನಪಿಟ್ಟುಕೊಳ್ಳಿ.

ಎಣಿಕೆ ತಪ್ಪೋಕೆ ಹೆಚ್ಚು ಕಾಲ ಹಿಡೀಲಿಲ್ಲ. 1978, ಸಿಡ್ನಿಯ ನಾಕೌಟ್ ಪಂದ್ಯ, ಮ್ಯಾನ್ಲಿ ವಿರುದ್ಧ ಪ್ಯಾರಮ್ಯಾಟ. ಮೊದಲ ಪಂದ್ಯ 13-13 ಡ್ರಾ, ಮತ್ತೆ ಆಡಿಸಿದರು. ರೆಫರಿ ಗ್ರೆಗ್ ಹಾರ್ಟ್ಲಿ. ಮ್ಯಾನ್ಲಿಯ ಸ್ಟೀವ್ ಮಾರ್ಟಿನ್ ಟ್ರೈ ಹೊಡೆದರು, ಮ್ಯಾನ್ಲಿ 17-11ರಿಂದ ಗೆದ್ದಿತು. ಆಮೇಲೆ ಎಣಿಸಿ ನೋಡಿದ್ರೆ ಆ ಟ್ರೈ ಬಂದಿದ್ದು ಏಳನೇ ಟ್ಯಾಕಲ್‌ನಲ್ಲಿ! ಆರಕ್ಕೆ ಸರದಿ ಮುಗಿದಿರಬೇಕಿತ್ತು. ಪ್ಯಾರಮ್ಯಾಟದವರು ಕೂಗಾಡಿದರು, ಪ್ರತಿಭಟಿಸಿದರು. ಫಲಿತಾಂಶ ಹಾಗೇ ಉಳೀತು. ಮ್ಯಾನ್ಲಿ ಮುಂದೆ ಹೋಗಿ ಗ್ರ್ಯಾಂಡ್ ಫೈನಲ್‌ನಲ್ಲಿ ಕ್ರೊನುಲ್ಲಾ ಜೊತೆ 11-11 ಡ್ರಾ ಮಾಡಿ, ಮರುಪಂದ್ಯದಲ್ಲಿ 16-0 ಗೆದ್ದಿತು. ಆ ಎರಡಕ್ಕೂ ರೆಫರಿ ಹಾರ್ಟ್ಲಿಯೇ. ಪ್ಯಾರಮ್ಯಾಟಗೆ ಮೊದಲ ಕಪ್ ಸಿಕ್ಕಿದ್ದು 1981ರಲ್ಲಿ.

1978ರ ಬಗ್ಗೆ ಪಿತೂರಿ ಥಿಯರಿಗಳು ಬೇಕಾದಷ್ಟಿವೆ. ನಾನು ನಂಬಲ್ಲ. ಪಿತೂರಿ ಮಾಡೋನು ಎಲ್ಲರೂ ಎಣಿಸಬಹುದಾದ ಜಾಗದಲ್ಲಿ ಮಾಡಲ್ಲ. ಇದು ಇನ್ನೂ ಸರಳ: ಓಡ್ತಾ ಎಣಿಸೋ ಮನುಷ್ಯ ಒಂದು ಬಿಟ್ಟ. ಆದ್ರೆ ಸೋತವನಿಗೆ ಇದು ಉಳಿದ ತಪ್ಪುಗಳಿಗಿಂತ ಹೆಚ್ಚು ಉರಿಯುತ್ತೆ. ಕೆಸರಲ್ಲಿ ಕಿಂಗ್ ಬಿದ್ದಿದ್ದು ಟ್ಯಾಕಲ್ ಹೌದೋ ಅಲ್ಲವೋ ಅಂತ ಇವತ್ತೂ ವಾದ ಮಾಡಬಹುದು. ಏಳು ಆರಲ್ಲ ಅನ್ನೋದರ ಬಗ್ಗೆ ವಾದ ಏನಿದೆ?

ಈಗ 2019ಕ್ಕೆ ವಾಪಸ್. ಅಷ್ಟು ಹೊತ್ತಿಗೆ ಮೈದಾನದಲ್ಲಿ ಒಬ್ಬರಲ್ಲ, ಇಬ್ಬರು ರೆಫರಿ. 2009ರಲ್ಲೇ ಆ ಪದ್ಧತಿ ಬಂದಿತ್ತು. ಜೊತೆಗೆ ಟಚ್ ಜಡ್ಜ್‌ಗಳು, ಎಲ್ಲರ ಕಿವಿಯಲ್ಲೂ ರೇಡಿಯೊ, ಮೇಲೆ ವಿಡಿಯೊ ನೋಡೋ ಬಂಕರ್. ಕ್ಯಾನ್‌ಬೆರಾ ಒದ್ದ ಚೆಂಡಿಗೆ ಗಾಳಿಯಲ್ಲಿ ಎರಡೂ ತಂಡದವರು ಹಾರಿದರು. ಕಮ್ಮಿನ್ಸ್ ಕಣ್ಣಿಗೆ ಚೆಂಡು ರೂಸ್ಟರ್ಸ್ ಆಟಗಾರನಿಗೆ ತಾಗಿದ ಹಾಗೆ ಕಂಡಿತು, ಹಾಗಾಗಿ ಹೊಸ ಎಣಿಕೆ ಅಂತ ಕೈ ಬೀಸಿದರು. ತಕ್ಷಣ ಉಳಿದ ಅಧಿಕಾರಿಗಳು ರೇಡಿಯೊದಲ್ಲಿ ಹೇಳಿದರು: ಇಲ್ಲ, ಮುಟ್ಟಿದ್ದು ಕ್ಯಾನ್‌ಬೆರಾದವನೇ. ಹಾಗಾದ್ರೆ ಹಳೇ ಎಣಿಕೆ, ಅಂದ್ರೆ ಕೊನೇ ಟ್ಯಾಕಲ್. ಕಮ್ಮಿನ್ಸ್ ಕೊನೇದು, ಕೊನೇದು ಅಂತ ಕೂಗಿದರು. 80 ಸಾವಿರ ಜನರ ಗದ್ದಲದಲ್ಲಿ ಯಾರಿಗೆ ಕೇಳಿಸಬೇಕು? ವೈಟನ್ ನೋಡಿದ್ದು ಬೀಸಿದ ಕೈಯನ್ನ. ಕೊನೇ ಟ್ಯಾಕಲ್ ಅಂತ ಗೊತ್ತಿದ್ದಿದ್ರೆ ಯಾವ ಆಟಗಾರನೂ ಚೆಂಡು ಹಿಡಿದು ಸುಮ್ಮನೆ ಕೆಳಗೆ ಬೀಳಲ್ಲ. ಒದೀತಿದ್ದರು, ಇಲ್ಲ ಪಾಸ್ ಮಾಡ್ತಿದ್ದರು, ಏನಾದ್ರೂ ಪ್ರಯತ್ನ ಪಡ್ತಿದ್ದರು.

ಮರುದಿನದ ಅಧಿಕೃತ ವಿವರಣೆಯನ್ನ ಲೀಗ್‌ನ ಫುಟ್‌ಬಾಲ್ ವಿಭಾಗದ ಮುಖ್ಯಸ್ಥ ಗ್ರಹಾಂ ಅನ್ನೆಸ್ಲಿ ಕೊಟ್ಟರು. ಸಾರಾಂಶ ಇಷ್ಟು: ಅಂತಿಮ ತೀರ್ಪು ಸರಿ, ಅದನ್ನ ತಿಳಿಸಿದ ರೀತಿ ಸರಿ ಇಲ್ಲ. ಬಹಳ ಜನ ಇದನ್ನ ಒಪ್ಪಿಕೊಂಡರು. ನನಗೆ ಒಪ್ಪಿಗೆ ಇಲ್ಲ.

ಒಂದು ಕಿರಾಣಿ ಅಂಗಡಿ ಅಂದ್ಕೊಳ್ಳಿ. ಗಿರಾಕಿ ಸ್ಕ್ಯಾನ್ ಮಾಡಿದ, ಸೌಂಡ್ ಬಾಕ್ಸ್ 500 ರೂಪಾಯಿ ಬಂತು ಅಂತ ಕೂಗಿತು, ಅಂಗಡಿಯವರು ಸಾಮಾನು ಕೊಟ್ಟು ಕಳಿಸಿದರು. ಐದು ಸೆಕೆಂಡ್ ಬಿಟ್ಟು ಬಾಕ್ಸ್ ಮೆಲ್ಲಗೆ, ಇಲ್ಲ ಇಲ್ಲ, ದುಡ್ಡು ಬಂದಿರಲಿಲ್ಲ ಅಂದ್ರೆ? ಬ್ಯಾಂಕಿನ ಲೆಕ್ಕದಲ್ಲಿ ಎರಡನೇದೇ ಸರಿ ಇರಬಹುದು. ಆದ್ರೆ ಅಂಗಡಿಯವರು ಕೆಲಸ ಮಾಡೋದು ಸೌಂಡ್ ನಂಬಿ. ಸೌಂಡ್ ಇರೋದೇ ಅದಕ್ಕೆ. ರೆಫರಿಯ ಕೈ ಕೂಡ ಹಾಗೇ. ಅದು ತೀರ್ಪಿನ ಬಗ್ಗೆ ಕೊಡೋ ಮಾಹಿತಿ ಅಲ್ಲ, ಆಟಗಾರನ ಮಟ್ಟಿಗೆ ಅದೇ ತೀರ್ಪು. ಕ್ರಿಕೆಟ್‌ನ ಆ ರೂಲ್ ನೆನಪಿದೆಯಲ್ಲ, ತಪ್ಪಾಗಿ ಎಣಿಸಿದ್ರೂ ಎಣಿಸಿದ್ದೇ ಓವರ್. ಅದು ಸೋಮಾರಿತನದ ರೂಲ್ ಅಲ್ಲ. ಆಡೋರು ಯಾವುದನ್ನ ನಂಬಿ ಆಡಬೇಕು ಅನ್ನೋ ಪ್ರಶ್ನೆಗೆ ಅದು ಉತ್ತರ.

ನ್ಯಾಯವಾಗಿ ಹೇಳಬೇಕಂದ್ರೆ ಎದುರು ವಾದವೂ ಇದೆ. ಕಮ್ಮಿನ್ಸ್ ತಿದ್ದಿಕೊಳ್ಳದೆ ಆರು ಟ್ಯಾಕಲ್ ಕೊಟ್ಟು, ಅದರಲ್ಲಿ ಕ್ಯಾನ್‌ಬೆರಾ ಟ್ರೈ ಹೊಡೆದು ಗೆದ್ದಿದ್ರೆ? ರೂಸ್ಟರ್ಸ್ ಅಭಿಮಾನಿಗಳು ಇವತ್ತಿಗೂ ಆ ಕ್ಲಿಪ್ ಶೇರ್ ಮಾಡ್ತಿರ್ತಿದ್ದರು. ತಪ್ಪು ಅಂತ ಗೊತ್ತಾದ ಮೇಲೂ ಮುಂದುವರಿಸೋದು ಯಾವ ನ್ಯಾಯ ಅಂತ ಅವರು ಕೇಳಿದ್ರೆ ಅದೂ ಸುಲಭದ ಪ್ರಶ್ನೆ ಅಲ್ಲ. ಒಂದು ಮಾತು ಮಾತ್ರ ಹೇಳ್ತೀನಿ: ಸೀಟಿ ಊದಿ ಆಟ ನಿಲ್ಲಿಸಿ, ಎಲ್ಲರಿಗೂ ಕೇಳೋ ಹಾಗೆ ಹೇಳಿದ್ದಿದ್ರೆ ಯಾರ ತಕರಾರೂ ಇಷ್ಟು ವರ್ಷ ಉಳೀತಿರಲಿಲ್ಲ. ಅವತ್ತಿನ ಶ್ರೇಷ್ಠ ಆಟಗಾರ ಅಂತ ಕ್ಲೈವ್ ಚರ್ಚಿಲ್ ಪದಕ ಸಿಕ್ಕಿದ್ದು ಯಾರಿಗೆ ಗೊತ್ತಾ? ಸೋತ ತಂಡದ ಜ್ಯಾಕ್ ವೈಟನ್‌ಗೆ.

ಮುಂದಿನ ವರ್ಷ ಕೊರೊನಾ. ಎರಡು ಸುತ್ತು ಆದ ಮೇಲೆ ಸೀಸನ್ ನಿಂತಿತು. 2020ರ ಮೇ 28ಕ್ಕೆ ಮತ್ತೆ ಶುರುವಾದಾಗ ಆಡಳಿತದ ಅಧ್ಯಕ್ಷ ಪೀಟರ್ ವ್ಲಾಂಡಿಸ್ ನೇತೃತ್ವದಲ್ಲಿ ಎರಡು ಬದಲಾವಣೆ ಬಂದವು. ಒಂದು, ಇಬ್ಬರ ಬದಲು ಮತ್ತೆ ಒಬ್ಬರೇ ರೆಫರಿ. ರೆಫರಿಗಳ ಸಂಘ ವಿರೋಧಿಸಿತು, ನಡೀಲಿಲ್ಲ. ಇನ್ನೊಂದನ್ನ ಕೇಳಿದ್ರೆ ಕ್ಯಾನ್‌ಬೆರಾದವರಿಗೆ ಹೇಗನ್ನಿಸಿರಬೇಕೋ: 'ಸಿಕ್ಸ್ ಅಗೇನ್' ಅನ್ನೋದನ್ನೇ ಆಟದ ಮುಖ್ಯ ಶಿಕ್ಷೆ ಮಾಡಿದರು.

ಕಾರಣ ಇತ್ತು. ಆರೇ ಟ್ಯಾಕಲ್ ಅಂದ ಮೇಲೆ ರಕ್ಷಣೆ ಮಾಡೋ ತಂಡಕ್ಕೆ ಪ್ರತಿ ಟ್ಯಾಕಲ್‌ನಲ್ಲಿ ಒಂದೆರಡು ಸೆಕೆಂಡ್ ಕದಿಯೋದೇ ಲಾಭ. ಬಿದ್ದವನ ಮೇಲೆ ಸ್ವಲ್ಪ ಹೆಚ್ಚು ಹೊತ್ತು ಮಲಗಿದ್ರೆ ತಮ್ಮವರು ಸಾಲಾಗಿ ನಿಲ್ಲೋಕೆ ಸಮಯ ಸಿಗುತ್ತೆ. ಹೇಗೆ ಹಿಡಿದು ನಿಧಾನ ಮಾಡೋದು ಅಂತ ಕಲಿಸೋಕೆ ಕ್ಲಬ್‌ಗಳು ಕುಸ್ತಿ, ಜಿಯುಜಿತ್ಸು ಕೋಚ್‌ಗಳನ್ನೇ ಇಟ್ಟುಕೊಂಡವು. ಪೆನಾಲ್ಟಿ ಕೊಟ್ರೆ ಆಟ ನಿಲ್ಲುತ್ತೆ, ಅವರಿಗೆ ಬೇಕಾಗಿದ್ದೂ ಅದೇ, ಉಸಿರು ತಗೊಳ್ಳೋಕೆ. ಹಾಗಾಗಿ ಹೊಸ ರೂಲ್: ಬಿದ್ದವನನ್ನ ಬಿಡದಿದ್ರೆ ಆಟ ನಿಲ್ಲಿಸಲ್ಲ, ಎಣಿಕೆ ಮೊದಲಿಂದ ಶುರು. ಕ್ರೀಡಾಂಗಣದಲ್ಲಿ ಗಂಟೆ ಬಾರಿಸೋ ಏರ್ಪಾಡೂ ಬಂತು, ಕೈ ನೋಡದವರಿಗೂ ಕೇಳಿಸಲಿ ಅಂತ. ವೈಟನ್ ಪ್ರಕರಣಕ್ಕೆ ಏಳೆಂಟು ತಿಂಗಳು ತಡವಾಗಿ ಬಂದ ಗಂಟೆ.

ನನ್ನಂಥ ಲೆಕ್ಕದವನಿಗೆ ಇಷ್ಟವಾಗೋ ಭಾಗ ಈಗ ಬರುತ್ತೆ. ಈ ಶಿಕ್ಷೆಯ ಬೆಲೆ ಎಷ್ಟು? ಐದು ಟ್ಯಾಕಲ್ ಮುಗಿದ ಮೇಲೆ ತಪ್ಪು ಮಾಡಿದ್ರೆ ಎದುರಾಳಿಗೆ ಐದು ಟ್ಯಾಕಲ್ ಪುಕ್ಕಟೆ. ಮೊದಲನೇ ಟ್ಯಾಕಲ್‌ನಲ್ಲೇ ಮಾಡಿದ್ರೆ? ಹೆಚ್ಚುಕಮ್ಮಿ ಒಂದೇ. ತಪ್ಪು ಒಂದೇ, ದಂಡ ಬೇರೆ ಬೇರೆ. ಕೋಚ್‌ಗಳಿಗೆ ಇದು ಹೊಳೆಯೋಕೆ ತಡವಾಗಲಿಲ್ಲ. ಎದುರಾಳಿ ತಮ್ಮ ಗೆರೆ ಹತ್ತಿರ ಸರದಿ ಶುರು ಮಾಡಿದ ಕೂಡಲೇ, ಮೊದಲ ಟ್ಯಾಕಲ್‌ನಲ್ಲೇ ಬೇಕಂತ ಬಿಡದೆ ಹಿಡಿದುಕೊಳ್ಳೋದು. ದಂಡ ಒಂದು ಟ್ಯಾಕಲ್, ಲಾಭ ಸಾಲಾಗಿ ನಿಂತ ಇಡೀ ರಕ್ಷಣೆ. ನಮ್ಮಲ್ಲಿ ನೋ ಪಾರ್ಕಿಂಗ್ ಫೈನ್ ಪಾರ್ಕಿಂಗ್ ಚಾರ್ಜ್‌ಗಿಂತ ಕಮ್ಮಿ ಇದ್ರೆ ಏನಾಗುತ್ತೋ ಅದೇ ಆಯ್ತು.

2022ರಲ್ಲಿ ಲೀಗ್‌ನವರು ರೂಲ್ ತಿದ್ದಿದರು. ಚೆಂಡು ಇರೋ ತಂಡ ತನ್ನ ಗೆರೆಯಿಂದ 40 ಮೀಟರ್ ಒಳಗಿದ್ದಾಗ ಇಂಥ ತಪ್ಪು ಆದ್ರೆ ಸಿಕ್ಸ್ ಅಗೇನ್ ಇಲ್ಲ, ಹಳೇ ಥರ ಪೂರ್ತಿ ಪೆನಾಲ್ಟಿ ಅಂತ ಆಯ್ತು. ಅಂದ್ರೆ ಆಗ ಒಬ್ಬರೇ ಇದ್ದ ರೆಫರಿ ಎಷ್ಟನೇ ಟ್ಯಾಕಲ್ ಅಂತ ಎಣಿಸಬೇಕಿತ್ತು, ಬಿದ್ದವನನ್ನ ಬಿಟ್ರಾ ಅಂತ ನೋಡಬೇಕಿತ್ತು, ಚೆಂಡು ಯಾರ ಕೈಗೆ ತಾಗಿತು ಅಂತ ನೋಡಬೇಕಿತ್ತು, ಜೊತೆಗೆ ತಪ್ಪು ನಡೆದಾಗ ಆ 40 ಮೀಟರ್ ಗೆರೆ ತಮ್ಮ ಯಾವ ಕಡೆ ಇತ್ತು ಅನ್ನೋದನ್ನೂ ನೋಡಬೇಕಿತ್ತು.

ಇವತ್ತಿಗೆ ಇಷ್ಟು. ಯೂಟ್ಯೂಬ್‌ನಲ್ಲಿ 2019ರ ಆ ಒಂದು ನಿಮಿಷ ಸಿಕ್ಕಿದ್ರೆ ಮೊದಲು ಸೌಂಡ್ ಮ್ಯೂಟ್ ಮಾಡಿ ನೋಡಿ, ಆಮೇಲೆ ಸೌಂಡ್ ಇಟ್ಟು ನೋಡಿ. ನಿಮಗೆ ಅದು ಎಷ್ಟನೇ ಟ್ಯಾಕಲ್ ಅನ್ಸಿತು ಅಂತ ಹೇಳಿ. ಮುಂದಿನ ವಾರ ಸಿಗೋಣ.